ಒಂದೂವರೆಯ ಮಗ್ಗಿ

ಜುಲೈ 8, ಮಂಗಳವಾರ

ಮೊಟ್ಟೆ ಎಣಿಕೆ, ಹಾಲಿನ ಪುಡಿ, ಹಾಜರಿ — ಮೂರನ್ನೂ ಮೊಬೈಲಿನಲ್ಲಿ ತುಂಬುವಷ್ಟರಲ್ಲಿ ಎರಡು ಪೀರಿಯಡ್ ಹೋಯಿತು. ಉಳಿದದ್ದರಲ್ಲಿ ಪಾಠ. ಹೆಡ್‌ಮಾಸ್ತರ್ ವಿಶ್ವಾಸ ಸರ್ ಒಂದು ಫಾರ್ಮ್ ಕೊಟ್ಟರು. ಚಿಕ್ಕೋಡಿಯಲ್ಲಿ ಶನಿವಾರ ಮಧ್ಯಾಹ್ನ ಅಡ್ವಾನ್ಸ್ ಗಣಿತದ ಬ್ಯಾಚ್ ಶುರುವಂತೆ. ಆರನೇ ಕ್ಲಾಸಿನವರಿಗೆ ಎಂಟನೆಯ ಬೀಜಗಣಿತ. ಶಾಲೆಗೆ ಒಂದೇ ಸೀಟು. ಗಣಿತದ ಟೀಚರ್, ಅಂದರೆ ನಾನು, ಬರೆದು ಕೊಡಬೇಕು — ಮಗು ಸಿದ್ಧ, ಅಥವಾ ಇನ್ನೂ ಸಿದ್ಧವಿಲ್ಲ. ಕೆಳಗೆ ಸಹಿ.

ಸಂತೆಯಲ್ಲಿ ಮಾವಿನಹಣ್ಣು ಒತ್ತಿ ನೋಡಿದ ಹಾಗೆ ನೋಡಬೇಕೇನೋ. ಶುಕ್ರವಾರದೊಳಗೆ ಕೊಡಬೇಕು.

ಜುಲೈ 11, ಶುಕ್ರವಾರ. ಊಟದ ಬಿಡುವು

ಆಯ್ಕೆ ಆಯಿತು. ಕೋಮಲ. ಕುರಿ ಕಾಯುವ ತುಕಾರಾಮಜ್ಜನ ಮೊಮ್ಮಗಳು.

ಮೂವತ್ತರ ತನಕ ಮಗ್ಗಿ ಒಂದೇ ಉಸಿರಿಗೆ ಹೇಳುತ್ತಾಳೆ. ಅಷ್ಟೇ ಅಲ್ಲ. ಅಜ್ಜ ಎಂದೋ ಎರಡು ವರ್ಷ ಮರಾಠಿ ಶಾಲೆಗೆ ಹೋಗಿ ಕಲಿತದ್ದು — ಕಾಲಿನ ಮಗ್ಗಿ, ಅರೆಯ ಮಗ್ಗಿ, ಒಂದೂವರೆಯ ಮಗ್ಗಿ — ಎಲ್ಲವೂ ಇವಳ ಬಾಯಲ್ಲಿ. ಹಿಂಡು ಹೊಡೆದುಕೊಂಡು ಹೋಗುವಾಗ ಅಜ್ಜ ಮುಂದಿನಿಂದ ‘ಏಕ ದೀಡ’ ಅಂತ ಕೂಗುತ್ತಾನೆ. ಇವಳು ಹಿಂದಿನಿಂದ ‘ದೀಡ’. ‘ದೋನ್ ದೀಡ’ — ‘ತೀನ್’. ಒಂದೂವರೆ, ಮೂರು, ನಾಲ್ಕೂವರೆ... ಕುರಿಗಳಿಗೂ ಬಾಯಿಪಾಠ ಆಗಿರಬೇಕು.

ಸರ್ ವಿಡಿಯೋ ಮಾಡಿ ತಾಲೂಕಿನ ಗ್ರೂಪಿಗೆ ಹಾಕಿದರು. ಚಪ್ಪಾಳೆ ಸುರಿಯಿತು. ನನಗೇ ಬಂದಷ್ಟು ಖುಷಿ, ಸುಳ್ಳೇಕೆ ಹೇಳಲಿ.

ಮಧ್ಯೆ ಅದೇ ಕ್ಲಾಸಿನ ಕುನಾಲ ಎದ್ದು ನಿಂತ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಯಾಕೆ ಸಣ್ಣದಾಗುತ್ತದೆ, ಗುಣಿಸಿದ ಮೇಲೆ ದೊಡ್ಡದಾಗಬೇಕಲ್ಲ ಅಂತ. ಏಳರ ಮಗ್ಗಿ ಬರದ ಗಿರಾಕಿ. ಮೊದಲು ಅದನ್ನು ಕಲಿ ಅಂತ ಕೂರಿಸಿದೆ.

ಸಿದ್ಧ. ಸಹಿ. ಕೊಟ್ಟಾಯಿತು.

ಜುಲೈ 19, ಶನಿವಾರ

ಮೊದಲ ದಿನ. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವಳವ್ವ ಲಕ್ಕವ್ವ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದಳು. ದಾರಿಯುದ್ದಕ್ಕೂ ಟಿಕೆಟಿನ ನಂಬರ್ ಕೂಡಿಸುತ್ತ ಕೂತಳು. ಬ್ಯಾಚಿನ ಬಾಗಿಲಲ್ಲಿ ಬಿಟ್ಟು ಹೊರಗೆ ಕಾದೆ. ವಾಪಸ್ ಬರುವಾಗ ಅವಳು ಮಾತಾಡಲಿಲ್ಲ. ದಣಿದಿರಬೇಕು ಅಂದುಕೊಂಡೆ.

ಆಗಸ್ಟ್ 23, ಶನಿವಾರ

ಐದು ವಾರ ಏನೂ ಬರೆದಿಲ್ಲ. ಏನು ಬರೆಯಲಿ... ಎಲ್ಲ ಚೆನ್ನಾಗಿದೆ ಅಂತಲೇ ಹೇಳಿಕೊಂಡು ಓಡಾಡಿದೆ.

ಇಂದು ಬ್ಯಾಚಿನ ಸಿದ್ದಲಿಂಗ ಸರ್ ಹೇಳಿದರು. ಮೊದಲ ದಿನ ಬೋರ್ಡಿನ ಮೇಲೆ x + 5 = 12 ಅಂತ ಬರೆದರಂತೆ. ಕೋಮಲ ಕೈ ಎತ್ತಿ ಕೇಳಿದಳಂತೆ — ‘ಸರ್, ಇದು ಎಷ್ಟರ ಮಗ್ಗಿ ಒಳಗ ಬರತೈತ್ರಿ?’

ಕ್ಲಾಸೆಲ್ಲ ನಕ್ಕಿತು. ಸರ್ ಕೂಡ. ತಮಾಷೆಯ ಸುದ್ದಿ ಅಂತ ಇವತ್ತೂ ನಗುತ್ತಲೇ ಹೇಳಿದರು. ಅಂದಿನಿಂದ ಆ ಹುಡುಗಿ ಬಾಯಿ ಬಿಟ್ಟಿಲ್ಲ, ಹಾಳೆಯ ಮೇಲೆ ತಾರೀಖು ಕೂಡ ಬರೆಯೋದಿಲ್ಲ ಅಂದರು.

ನನಗೆ ನಗು ಬರಲಿಲ್ಲ. ನಾನೂ ಮಗ್ಗಿ ಹೇಳಿಯೇ ಬಹುಮಾನ ಗೆದ್ದವಳು. ಪಿಯುಸಿಯಲ್ಲಿ ಗಣಿತ ಫೇಲಾಗಿ, ಆರ್ಟ್ಸ್ ತಗೊಂಡು ಟೀಚರ್ ಆದೆ. ಬಾಯಿಗೆ ಬರೋದು ಬೇರೆ, ತಲೆಗೆ ಹೋಗೋದು ಬೇರೆ — ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಬಾವಿಗೆ ತಳ್ಳಿದೆ. ಚಪ್ಪಾಳೆಯ ಆಸೆಗೆ.

ಸೆಪ್ಟೆಂಬರ್ 15, ಸೋಮವಾರ

ಕೋಮಲ ಶಾಲೆಗೂ ಬರುತ್ತಿಲ್ಲ. ಇಂದಿಗೆ ಏಳನೇ ದಿನ. ಮನೆಗೆ ಹೋದೆ.

ಅಂಗಳದಲ್ಲಿ ಮೇಕೆಗೆ ಸೊಪ್ಪು ಹಾಕುತ್ತಿದ್ದಳು. ಚಹಾ ಕುಡೀರಿ ಅಂದಳು, ಕೂಡ್ರಿ ಅಂದಳು. ಮಾತು ನಿಂತಿಲ್ಲ, ಅಬ್ಬಾ ಅನ್ನಿಸಿತು. ಎಷ್ಟು ಮೇಕೆ ಇವೆ ಅಂತ ಸುಮ್ಮನೆ ಕೇಳಿದೆ. ಇರುವುದು ಮೂರೇ.

‘ಅದಾವ್ರಿ,’ ಅಂದಳು. ಎಣಿಕೆ ಮಾತ್ರ ಹೇಳಲಿಲ್ಲ.

ಅವಳು ಹಿತ್ತಲಿಗೆ ಹೋದ ಮೇಲೆ ತುಕಾರಾಮಜ್ಜ ಪಕ್ಕದಲ್ಲಿ ಬಂದು ಕೂತ. ‘ಅಕ್ಕೋರ, ಅಕಿಗೆ ಲೆಕ್ಕ ಅಂದ್ರ ಆಟ ಇತ್ತರಿ. ಈಗ ನಾ ಏಕ ದೀಡ ಅಂದ್ರ ಕಿವಿ ಮುಚ್ಕೋತಾಳ. ನನ್ನ ಕೂಡ ಆಡೂ ಮಾತ ಅದ ಒಂದ ಇತ್ತು.’

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವಳವ್ವ ಚಹಾ ತಂದಳು. ಕುಡಿದೆ.

ಸೆಪ್ಟೆಂಬರ್ 17, ಬುಧವಾರ

ಬ್ಯಾಚಿನಿಂದ ಹೆಸರು ವಾಪಸ್ ತೆಗೆಯಲು ಪತ್ರ ಬರೆದೆ. ಮೊದಲ ಸಲ, ‘ಸಿದ್ಧವಿಲ್ಲದಿದ್ದವಳು ಮಗುವಲ್ಲ, ನಾನು’ ಅಂತೆಲ್ಲ ಬರೆದಿದ್ದೆ. ನಾಟಕ ಅನ್ನಿಸಿ ಹರಿದೆ. ಆಮೇಲೆ ನೆಟ್ಟಗೆ ಬರೆದೆ — ನನ್ನ ಅಂದಾಜು ತಪ್ಪಿತ್ತು.

ವಿಶ್ವಾಸ ಸರ್ ಮುಖ ಕಪ್ಪಾಯಿತು. ‘ವಿಡಿಯೋ ಎಲ್ಲಾರೂ ನೋಡ್ಯಾರ. ಈಗ ತಗದ್ರ ಗ್ರೂಪ್‌ನ್ಯಾಗ ನಮ್ಮ ಸಾಲಿ ಮರ್ಯಾದಿ ಏನ್ ಉಳೀತರಿ, ಕಾಂಚನಾ ಟೀಚರ್?’

ಮರ್ಯಾದಿ ಉಳಿಸಿಕೊಂಡು ಏನು ಉಪ್ಪಿನಕಾಯಿ ಹಾಕೋದಾ? ಇದನ್ನು ಹೇಳಲಿಲ್ಲ. ಇಲ್ಲಿ ಬರೆಯುವಾಗ ಮಾತ್ರ ಧೈರ್ಯ. ಪತ್ರವನ್ನಂತೂ ಟೇಬಲ್ ಮೇಲೆ ಇಟ್ಟು ಬಂದೆ.

ಸೆಪ್ಟೆಂಬರ್ 19, ಶುಕ್ರವಾರ

ಎಣಿಸಿ ಆಡೋಕೆ ಅಂತ ಕೋಮಲಳಿಗೆ ಹುಣಸೆ ಬೀಜ ಒಯ್ದೆ. ಒಲ್ಲೆ ಅಂದಳು. ಚೌಕಾಬಾರ ಆಡೋಣ ಅಂದೆ. ಅದರಲ್ಲೂ ಮನೆ ಎಣಿಸಬೇಕಲ್ಲ, ಎದ್ದು ಹೋದಳು. ನಾಳೆಯಿಂದ ದಸರಾ ರಜೆ. ರಜೆಯಲ್ಲಿ ಸರಿಹೋಗುತ್ತಾಳೆ ಅಂತ ಲಕ್ಕವ್ವನಿಗೆ ಹೇಳಿದೆ. ಯಾವ ಬಾಯಲ್ಲಿ ಹೇಳಿದೆನೋ.

ಅಕ್ಟೋಬರ್ 24, ಶುಕ್ರವಾರ

ರಜೆ ಮುಗಿಯಿತು, ದೀಪಾವಳಿ ಮುಗಿಯಿತು. ಸರಿಹೋಗಲಿಲ್ಲ.

ಇಂದು ಕುನಾಲ ಮತ್ತೆ ಅದೇ ಅರ್ಧದ ಪ್ರಶ್ನೆ ತಂದ. ಮೂರು ತಿಂಗಳು ತಲೆಯಲ್ಲಿ ಇಟ್ಟುಕೊಂಡಿದ್ದಾನೆ! ‘ರೊಟ್ಟಿ ಮುರದ ನೋಡಿದ್ನಿರಿ, ಅರ್ಧದಾಗಿನ ಅರ್ಧ ತಗೋಳೂದು ಅಂದ್ರ ಪಾವು ಆತಲ್ರಿ’ ಅಂತ ತಾನೇ ಹೇಳಿದ. ಏಳರ ಮಗ್ಗಿ ಇನ್ನೂ ಬರುವುದಿಲ್ಲ. ಇವನನ್ನು ಜುಲೈಯಲ್ಲಿ ಕೂರಿಸಿದ್ದೆ.

ಅವನೇ ಸುದ್ದಿ ಹೇಳಿದ. ತುಕಾರಾಮಜ್ಜನ ಹಿಂಡು ಮೇವು ಹುಡುಕಿ ದೂರದ ಊರುಗಳಿಗೆ ಭಾನುವಾರ ಹೊರಡುತ್ತದೆ. ಈ ಸಲ ಕೋಮಲಳೂ ಹೋಗುತ್ತಾಳೆ.

ಸಂಜೆ ಓಡಿದೆ. ಲಕ್ಕವ್ವ ಕಣ್ಣು ತಪ್ಪಿಸಿದಳು. ದಿನಾ ಕಬ್ಬಿನ ಕೆಲಸಕ್ಕೆ ಹೋಗಬೇಕು, ಶಾಲೆಗೂ ಹೋಗದ ಹುಡುಗಿಯನ್ನು ಒಬ್ಬಳನ್ನೇ ಮನೆಯಲ್ಲಿ ಹೇಗೆ ಬಿಡಲಿ ಅಂದಳು. ಹಿಂಡಿನ ಹಿಂದೆ ಹೋದವರು ಬೇಸಿಗೆಯ ತನಕ ಬರೋದಿಲ್ಲ. ಆಮೇಲೆ ಯಾವ ಶಾಲೆ? ಕಾಲು ಹಿಡಿಯುವುದೊಂದು ಬಾಕಿ ಇತ್ತು. ಹಿಡಿಯಲು ಬಗ್ಗಿದೆ ಕೂಡ. ಅಜ್ಜ ತಡೆದ.

‘ಹಂಗ ಮಾಡಬ್ಯಾಡ್ರಿ ಅಕ್ಕೋರ. ಹಾದ್ಯಾಗ ಯಾವತ್ತರೆ ಅಕಿ ನನ್ನ ಮಗ್ಗಿಗೆ ಓ ಅಂದ್ಲಂದ್ರ, ಅವತ್ತ ತಿರುಗಿ ತಂದು ಸಾಲಿಗೆ ಬಿಡತೇನಿ. ಅನ್ನಲಿಲ್ಲ ಅಂದ್ರ, ಕುರಿ ಅದಾವಲ್ಲ.’

ಅಕ್ಟೋಬರ್ 26, ಭಾನುವಾರ. ಬೆಳಿಗ್ಗೆ 7.10

ಕಾಲುವೆಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬರುತ್ತಿದೆ.

ಆರಕ್ಕೇ ಬಂದಿದ್ದೆ. ಅಜ್ಜ ಕುದುರೆಯ ಮೇಲೆ ಕಂಬಳಿ, ಪಾತ್ರೆ, ನಿನ್ನೆ ಹುಟ್ಟಿದ ಮರಿ ಎಲ್ಲ ಹೇರುತ್ತಿದ್ದ. ಕೋಮಲ ಹಗ್ಗ ಹಿಡಿದು ನಿಂತಿದ್ದಳು. ಹೋಗಬೇಡ ಅನ್ನುವ ಮುಖ ನನಗೆಲ್ಲಿದೆ? ಹೆಸರು ತೆಗೆಸಿದ್ದೇನೆ, ಇನ್ನು ಚಿಕ್ಕೋಡಿಗೆ ಹೋಗೋದು ಬೇಡ ಅಂತ ಮಾತ್ರ ಹೇಳಿದೆ. ನೆಲ ನೋಡುತ್ತಿದ್ದವಳು ತಲೆ ಎತ್ತಿದಳು.

‘ಅಕ್ಕೋರ, ನಾ ಸಿದ್ಧ ಅದೇನಿ ಅಂತ ನೀವು ಸಹಿ ಮಾಡಿದ್ರಿ. ನಿಮ್ಮ ಸಹಿ ನಾ ಸುಳ್ಳ ಮಾಡಿದ್ನೇನ್ರಿ?’

ಇದನ್ನಾ ಹೊತ್ತುಕೊಂಡು ತಿರುಗಿತು ಈ ಮಗು, ಮೂರು ತಿಂಗಳು!

ಇಲ್ಲವ್ವಾ, ಸುಳ್ಳು ಬರೆದವಳು ನಾನು, ನಿನ್ನ ಮಗ್ಗಿ ಖರೆ ಅಂದೆ. ಆ ಲೆಕ್ಕ ನನಗೂ ಬರುತ್ತಿರಲಿಲ್ಲ, ನಾನೂ ಫೇಲಾಗಿದ್ದೆ ಅಂದೆ. ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅತ್ತುಬಿಟ್ಟೆ. ಅವಳು ನನ್ನನ್ನೇ ನೋಡಿದಳು. ಕೋಲು ತಗೊಂಡು ಹಿಂಡಿನ ಹಿಂದೆ ಹೋದಳು.

ಹಿಂಡು ಕಾಲುವೆ ದಾಟುತ್ತಿದೆ. ಅಜ್ಜ ಮುಂದೆ, ಅವಳು ಕೊನೆಗೆ. ದೂಳು. ನನ್ನ ಬಸ್ಸು ಬಂದು ಹೋಯಿತು, ಹೋಗಲಿ.

ಅಜ್ಜ ಕೂಗಿದ. ಏಕ ದೀಡ.

ಏನೂ ಇಲ್ಲ. ಕುರಿ ಗಂಟೆ ಮಾತ್ರ.

ದೋನ್ ದೀಡ.

ಇಲ್ಲ... ಅವಳು ನಿಂತಳು. ತಿರುಗಿ ನನ್ನ ಕಡೆ ನೋಡುತ್ತಿದ್ದಾಳೆ. ಅಜ್ಜನೂ ನಿಂತ. ದೇವರೇ, ಒಂದು ಸಲ.

ಅಜ್ಜ ಮತ್ತೆ ಕೂಗಿದ. ತೀನ್ ದೀಡ —