ಹ್ಯಾಂಡ್ ಥ್ರಾಟಲ್ ಇರುವುದು ಎಂಜಿನ್ ಬಿಸಿಯಾಗಲಿಕ್ಕೆ

ರೀ,

ಕಾರಿನ ಕೀ ಹುಡುಕಬೇಡಿ, ನನ್ನ ಹತ್ತಿರ ಇದೆ. ವಡೋದರಾದ ಹಳೇ ಕಾರುಗಳ ಪ್ರದರ್ಶನಕ್ಕೆ ನಿಮ್ಮ ಫಿಯಟ್ಟನ್ನು ನಾನೇ ಓಡಿಸಿಕೊಂಡು ಹೊರಟಿದ್ದೇನೆ. ಲೈಸೆನ್ಸು ನನಗೂ ಇದೆ.

ನಿನ್ನೆ ಪಾರ್ಕಿಂಗಿನಲ್ಲಿ ಏನು ಮಾಡಿದಿರಿ ನೆನಪಿದೆಯಾ? ಬಲಗಾಲಿಗೆ ಪ್ಲಾಸ್ಟರ್ ಇಟ್ಟುಕೊಂಡು, "ಕಾಲು ಮುರಿದರೇನು ನಳಿನಿ, ಹ್ಯಾಂಡ್ ಥ್ರಾಟಲ್ ಇದೆಯಲ್ಲ" ಅಂತ ಸ್ಟೀರಿಂಗ್ ಪಕ್ಕದ, ಎಂಜಿನ್ ವೇಗ ಏರಿಸುವ ಆ ಗುಂಡಿ ಎಳೆದು ಕಾರು ಬಿಟ್ಟಿರಿ. ಎಳೆದ ಗುಂಡಿ ಎಳೆದ ಹಾಗೇ ನಿಲ್ಲುತ್ತದೆ. ಕಾಲು ತೆಗೆದರೆ ವೇಗ ಇಳಿಯಲು ಅದೇನು ಆಕ್ಸಿಲರೇಟರ್ ಅಲ್ಲ. ನಾನು ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸದಿದ್ದರೆ ಕಂಬಕ್ಕೇ ಗುದ್ದುತ್ತಿದ್ದಿರಿ.

ಅದು ಇರುವುದು ಚಳಿಯಲ್ಲಿ ಎಂಜಿನ್ ಬಿಸಿಯಾಗಲಿಕ್ಕೆ. ಅರ್ಧ ಇಂಚು ಎಳೆದು, ಎರಡು ನಿಮಿಷ ಬಿಟ್ಟು, ಪೂರ್ತಿ ಒಳಗೆ ತಳ್ಳಿದ ಮೇಲೇ ಗೇರು ಹಾಕುತ್ತೇನೆ. ಮೂರು ವರ್ಷ ನೀವು "ಮುಟ್ಟಬೇಡ" ಅನ್ನುತ್ತಾ ರಿಪೇರಿ ಮಾಡಿದಿರಿ, ನಾನು ನೋಡುತ್ತಾ ಕಲಿತೆ.

ಉಪ್ಪಿಟ್ಟು ಡಬ್ಬಿಯಲ್ಲಿದೆ. ಮಾತ್ರೆ ತಿಂಡಿಯಾದ ಮೇಲೆ. ಲಿಫ್ಟ್ ರಾತ್ರಿಯಿಂದ ಕೆಟ್ಟಿದೆ, ಮೆಟ್ಟಿಲ ಹತ್ತಿರ ಸುಳಿಯಬೇಡಿ. ಪಕ್ಕದ ಮನೆ ಹಂಸಾಬೆನ್ ಹನ್ನೊಂದಕ್ಕೆ ಬಂದು ನೋಡುತ್ತಾರೆ. ಅವರ ಮುಂದೆ ನನ್ನನ್ನು ಬೈಯಬೇಡಿ.

ಕಾರು ಇಷ್ಟು ಚೆನ್ನಾಗಿ ಮಾಡಿದ್ದು ಯಾರು ಅಂತ ಅಲ್ಲಿ ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ. ಸೂರತ್ತಿನಿಂದ ಓಡಿಸಿ ತಂದದ್ದು ಯಾರು ಅಂದರೆ ನನ್ನದು. ತಲುಪಿದ ಕೂಡಲೇ ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತೇನೆ.

ನೀವು ಇದನ್ನು ಓದುವ ಹೊತ್ತಿಗೆ ಅಂಕಲೇಶ್ವರ ದಾಟಿರುತ್ತೇನೆ. ಸಿಟ್ಟು ಮಾಡಿಕೊಳ್ಳಿ, ಆದರೆ ಕೂತುಕೊಂಡೇ ಮಾಡಿಕೊಳ್ಳಿ.

ನಳಿನಿ