ಕಾರ್ಬುರೇಟರೇ ಆಗಿರಲಿ

ಹೈರಿಡ್ಜ್, ನೈರೋಬಿ
14 ಆಗಸ್ಟ್ 2004, ಶನಿವಾರ ಸಂಜೆ

ಪ್ರೀತಿಯ ನರಸಿಂಹಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಹಚ್ಚುವ ಎಣ್ಣೆಗೆ ವಾಸನೆ ಅಂತ ಮೂಗು ಮುರಿಯಬೇಡ, ಸುಮ್ಮನೆ ಹಚ್ಚಿಸಿಕೋ. ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೂ ದಿನಾ ಹೋಗಿ ಬಾನೆಟ್ಟಿನೊಳಗೆ ತಲೆ ತೂರಿಸುತ್ತೀಯಂತೆ, ಅತ್ತಿಗೆ ನನ್ನ ಹತ್ತಿರ ಚಾಡಿ ಹೇಳಿದ್ದಾರೆ. ಫೋನಿನಲ್ಲಿ ಎಷ್ಟು ಕೂಗಿದರೂ ನಿನಗೆ ಅರ್ಧ ಕೇಳುವುದಿಲ್ಲ, ಮತ್ತೆ ನಾನು ಕೂಗಿದ್ದೆಲ್ಲ ಇಲ್ಲಿ ಮನೆಮಂದಿಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಮ್ಮ ಯಜಮಾನರ ಫ್ಯಾಕ್ಟರಿಯ ಸುಜಯ್ ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಟಿದ್ದಾನೆ, ಅವನ ಕೈಗೆ ಕೊಡುತ್ತೇನೆ. ನಿಕಿತಾಗೆ ಸ್ಕೂಲು ರಜ. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾಳೆ. ಇಲ್ಲಿ ಈಗ ಎಂಥಾ ಚಳಿ ಅಂದರೆ ಇಡ್ಲಿ ಹಿಟ್ಟು ಎರಡು ದಿನ ಇಟ್ಟರೂ ಹುದುಗುವುದಿಲ್ಲ.

ಬರೆಯಲು ಕೂರಿಸಿದ್ದು ಇವರು. ವಿಷಯ ಇವರ ಮಸ್ಟಾಂಗ್ ಕಾರಿನದು. ಅರವತ್ತೆಂಟರ ಮಾಡೆಲ್ಲು, ಆನೆಯಂಥ ಎಂಜಿನ್ನು, ಹಿಂದಿನ ಸೀಟಿನಲ್ಲಿ ಮಾತ್ರ ಒಂದು ಮಗು ಕಾಲು ಚಾಚುವಷ್ಟು ಜಾಗವಿಲ್ಲ. ನೀನು ಫೋಟೋ ನೋಡಿದ್ದೀಯಲ್ಲ, ನನಗಿಂತ ಅದನ್ನೇ ಹೆಚ್ಚು ಒರೆಸುತ್ತಾರೆ! ಅದರ ಕಾರ್ಬುರೇಟರ್ ಹಳೆಯದಾಗಿ ಪೆಟ್ರೋಲ್ ಜಿನುಗುತ್ತಿದೆ, ಸವೆದು ಅಲ್ಲಾಡುತ್ತಿದೆ. ರಿಪೇರಿಯಾಗದು, ಬದಲಾಯಿಸಿ ಅಂತ ಮೆಕ್ಯಾನಿಕ್ಕೂ ಹೇಳಿದ್ದಾನೆ. ದುಬೈಯ ಅಂಗಡಿಯವನ ಹತ್ತಿರ ಎರಡು ಇವೆಯಂತೆ, ಒಂದು ಆರುನೂರರದು, ಇನ್ನೊಂದು ಏಳುನೂರೈವತ್ತರದು. ನಂಬರು ದೊಡ್ಡದಾದಷ್ಟೂ ಎಂಜಿನ್ನಿಗೆ ಗಾಳಿ ಹೆಚ್ಚು ಹೋಗುತ್ತದಂತೆ. ಇವರ ಕಣ್ಣು ದೊಡ್ಡದರ ಮೇಲೆ. ಕನ್ನಡ ಸಂಘದ ಶ್ರೀನಿವಾಸ್ ಬೇರೆ "ದ್ವಾರಕಾನಾಥ್, ದೊಡ್ಡದು ಹಾಕ್ಸಲ್ಲ ಅಂದ್ರೆ ಮಸ್ಟಾಂಗ್ ಯಾಕ್ರೀ, ಎತ್ತಿನಗಾಡಿ ಇಟ್ಕೊಳ್ಳಿ" ಅಂತ ಒಗ್ಗರಣೆ ಹಾಕುತ್ತಾರೆ. ಮೆಕ್ಯಾನಿಕ್ ಬೇಡ ಅನ್ನುತ್ತಾನೆ. ನೈರೋಬಿ ಮೈಸೂರಿಗಿಂತ ಎಷ್ಟೋ ಎತ್ತರ, ಇಲ್ಲಿ ಗಾಳಿಯೇ ತೆಳು, ದೊಡ್ಡದು ಹಾಕಿದರೆ ನಿಂತಲ್ಲೆಲ್ಲ ಕೆಮ್ಮುತ್ತದೆ, ಚಿಕ್ಕದನ್ನೇ ಹಾಕಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತನ್ನೂ ಕಿರಿದು ಮಾಡಬೇಕು ಅಂತ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಬೇಕಾದ ಚೋಕ್ ಕೈಯಲ್ಲಿ ಎಳೆಯುವಂಥದಿರಲೋ ತಾನೇ ಬಿಡುವಂಥದಿರಲೋ ಅಂತ ಇನ್ನೊಂದು ರಗಳೆ. ಕೊನೆಗೆ ಇವರು "ನಿಮ್ಮಣ್ಣ ಹೇಳಿದ್ದೇ ಕೊನೆ, ಬರೆದು ಕೇಳು" ಅಂದರು. ನನ್ನ ಮಾತಿಗೆ ಈ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ನಿನ್ನ ಮಾತು ಮಾತ್ರ ವೇದವಾಕ್ಯ.

ಅಣ್ಣಾ, ಅವರು ಬರೆಯಲು ಹೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ನನ್ನದು. ನನಗೆ ತುಂಬಾ ಹೆದರಿಕೆಯಾಗಿದೆ. ಹೋದ ಭಾನುವಾರ ಸಂಜೆ ತರಕಾರಿ ತೆಗೆದುಕೊಂಡು ಬರುತ್ತಿದ್ದೆವು. ವೆಸ್ಟ್‌ಲ್ಯಾಂಡ್ಸ್ ರೌಂಡಬೌಟಿನಲ್ಲಿ ಜಾಮ್. ಇವರು ಕ್ಲಚ್ ಒತ್ತಿ, ಗೇರ್ ಹಾಕಿಕೊಂಡು ಕಾಯುತ್ತಿದ್ದರು. ನಾನು ಏನೋ ಕೊರೆಯುತ್ತಿದ್ದೆ, ಇವರು ಹೂಂಗುಟ್ಟುತ್ತಿದ್ದರು. ಹೂಂ ನಿಂತಿತು. ತಿರುಗಿ ನೋಡಿದರೆ ಕಣ್ಣು ತೆರೆದೇ ಇದೆ, ನೋಟ ಇಲ್ಲ. ಗೇರಿನ ಮೇಲಿದ್ದ ಕೈ ಜಾರಿ ತೊಡೆಯ ಮೇಲೆ ಬಿತ್ತು. ಆಗ ಎಂಜಿನ್ ಓಡುತ್ತಲೇ ಇತ್ತು, ನನ್ನ ಸೀಟು ಅದುರುತ್ತಿತ್ತು. ಆಮೇಲೆ ಕಾರು ಕಪ್ಪೆಯ ಹಾಗೆ ಒಂದು ಸಲ ಕುಪ್ಪಳಿಸಿ ಆಫ್ ಆಯಿತು. ಈ ಊರಿನಲ್ಲಿ ಕಾರು ನಿಂತರೆ ಮೊದಲು ಮಾಡುವ ಕೆಲಸ ಬಾಗಿಲಿನ ಲಾಕ್ ನೋಡಿಕೊಳ್ಳುವುದು. ನಾನು ಅದನ್ನು ನೋಡಲೋ, ಇವರನ್ನು ಅಲುಗಿಸಲೋ? ಹಿಂದೆ ಮಟಾಟು ವ್ಯಾನುಗಳು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದವು. ಒಬ್ಬ ಬಂದು ಗಾಜು ಬಡಿದಾಗ ಕಳ್ಳನೇ ಅಂದುಕೊಂಡು ಪರ್ಸನ್ನು ಸೀಟಿನ ಕೆಳಗೆ ತುರುಕಿದೆ. ಪಾಪ, ಅವನು ಮಟಾಟು ಕಂಡಕ್ಟರ್, "ಪೋಲೆ ಮಾಮಾ" ಅಂತ ಸಮಾಧಾನ ಹೇಳಿ ಕಾರನ್ನು ಪಕ್ಕಕ್ಕೆ ತಳ್ಳಲು ಬಂದಿದ್ದ.

ಅಷ್ಟರಲ್ಲಿ ಇವರು ಕಣ್ಣು ಪಿಳುಕಿಸಿ "ಥತ್, ಕಾರ್ಬುರೇಟರ್ ಕೈಕೊಡ್ತು" ಅಂದರು. ನೀವು ಒಂದು ಗಳಿಗೆ ಇಲ್ಲಿರಲೇ ಇಲ್ಲ ಅಂದೆ. "ಗಾಡಿ ನಿಂತಿದ್ದಕ್ಕೆ ಹೆದರ್ಕೊಂಡು ಏನೇನೋ ಹೇಳ್ಬೇಡ, ನಂಗೇನಾಗಿದೆ?" ಅಂತ ಗದರಿದರು. ಡಾಕ್ಟರ ಮಾತೆತ್ತಿದರೆ ಮೂಗಿನ ತುದಿಯಲ್ಲಿ ಕೋಪ. ಕ್ಲಚ್ಚಿನಿಂದ ಕಾಲು ಜಾರಿದರೆ ಗಾಡಿ ಹಾಗೇ ಕುಪ್ಪಳಿಸಿ ನಿಲ್ಲುತ್ತದೆ ಅಂತ ನನಗೆ ಡ್ರೈವಿಂಗ್ ಕಲಿಸುವಾಗ ಹೇಳಿದವನು ನೀನು. ಆದರೂ ನಾನೇ ತಪ್ಪು ನೋಡಿರಬಹುದು, ಕಾರು ನಿಂತದ್ದು ಮೊದಲೋ ಇವರ ನೋಟ ಹೋದದ್ದು ಮೊದಲೋ ಅನ್ನುವುದು ಗಾಬರಿಯಲ್ಲಿ ಹಿಂದುಮುಂದಾಗಿರಬಹುದು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ಬೇಡುವುದು ಒಂದೇ, ಅದು ಕಾರ್ಬುರೇಟರೇ ಆಗಿರಲಿ ಅಂತ. ಯಾರಾದರೂ ಕೇಳಿದರೆ ನಕ್ಕಾರು!

ಈಗ ಕಾರು ಕಾಂಪೌಂಡಿನಲ್ಲಿ ನಿಂತಿದೆ, ಇವರು ಫ್ಯಾಕ್ಟರಿ ವ್ಯಾನಿನಲ್ಲಿ ಇಂಡಸ್ಟ್ರಿಯಲ್ ಏರಿಯಾಗೆ ಹೋಗಿಬರುತ್ತಾರೆ. ಹೊಸದು ಕೂರಿಸಿದ ದಿನವೇ ನಿಕಿತಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೊಂಬಾಸಾಗೆ ಹೋಗುವುದಂತೆ. ಅವಳು ಆಗಲೇ ಬ್ಯಾಗ್ ತುಂಬಿಟ್ಟಿದ್ದಾಳೆ. ಆ ರಸ್ತೆಯ ತುಂಬ ಲಾರಿಗಳು, ಅಣ್ಣಾ. ನಿಂತ ಕಾರಿನಲ್ಲಿ ಆದದ್ದು ಅಲ್ಲಿ ಓಡುವ ಕಾರಿನಲ್ಲಿ ಆದರೆ? ಅದಕ್ಕೇ ಕೇಳುತ್ತಿದ್ದೇನೆ, ಹಾಳಾದ ಕಾರ್ಬುರೇಟರ್ ಒಂದರಿಂದಲೇ ಗಾಡಿ ಹಾಗೆ ಕುಪ್ಪಳಿಸಿ ನಿಲ್ಲುವುದುಂಟೇ? ಉಂಟು ಅಂತಾದರೆ ಯಾವ ನಂಬರಿನದು ತರಿಸಲಿ ಅಂತ ಬರೆ, ಚಿಕ್ಕದಾದರೆ ನನಗೆ ಸಂತೋಷ.

ಅತ್ತಿಗೆಗೆ ನಮಸ್ಕಾರ ಹೇಳು, ಮಕ್ಕಳಿಗೆ ನನ್ನ ಆಶೀರ್ವಾದ. ನೀನು ನಮ್ಮೂವರನ್ನೂ ಹರಸು, ಈಗ ಅದು ಬೇಕಾಗಿದೆ.

ನಿನ್ನ ತಂಗಿ,
ಅನು

ವಿ.ಸೂ.: ಅಣ್ಣಾ, ಭಾನುವಾರ ಬೆಳಿಗ್ಗೆ. ಸುಜಯ್ ಗೇಟಿನಲ್ಲಿ ಕಾಯುತ್ತಿದ್ದಾನೆ. ಮೇಲೆ ಕೇಳಿದ್ದಕ್ಕೆ ಉತ್ತರ ಬೇಡ, ಯಾವ ನಂಬರನ್ನೂ ಬರೆಯಬೇಡ. ಕಾರಿನ ಕೀ ನನ್ನ ಸೊಂಟದಲ್ಲಿದೆ, ಕೊಡುವುದಿಲ್ಲ. ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಿ ಅಂತ ಇವರಿಗೆ ಈ ಕಾಗದ ಕೈಗೆ ಸಿಕ್ಕ ದಿನವೇ ಫೋನ್ ಮಾಡು. ನಿನಗೆ ಕೇಳದಿದ್ದರೆ ಬೇಡ, ನೀನು ಹೇಳುವುದು ಅವರಿಗೆ ಕೇಳಿದರೆ ಸಾಕು. ಈಗ ತಾನೇ ಅಡುಗೆಮನೆಯಲ್ಲಿ, ಕಾಫಿ ಲೋಟ ಹಿಡಿದು ನಿಂತಿದ್ದವರು ಹಾಗೇ ನಿಂತುಬಿಟ್ಟರು. ಕರೆದೆ, ಅಲುಗಿಸಿದೆ. ಕಾಫಿಯೆಲ್ಲ ಕಾಲ ಮೇಲೆ ಚೆಲ್ಲಿತು, ಬಿಸಿ ಅಂತಲೂ ಗೊತ್ತಾಗಲಿಲ್ಲ. ಆಮೇಲೆ ನನ್ನ ಮುಖ ನೋಡಿ "ಅನು, ಗಾಡಿ ಮತ್ತೆ ನಿಂತೋಯ್ತಾ?" ಅಂತ ಕೇಳಿದರು.