ಲೋಟದ ನೀರು ನಡುಗಿದ ದಿನ

ತೊಂಗ್‌ಯೊಂಗ್
ನವೆಂಬರ್ 9

ಮಗಳು ಸೊಲ್‌ಹೀಗೆ,

ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಕಾಗದ ತಡವಾಯಿತು. ಕಡಲ ಸಿಂಪಿ ಸುಲಿಯುವ ಕಾಲ ಶುರುವಾಗಿದೆ, ಕೈಗೆ ಬಿಡುವಿಲ್ಲ ಎಂದು ಬರೆಯಬಹುದಿತ್ತು, ಅದು ಸುಳ್ಳಾಗುತ್ತದೆ. ಕೋಪವಿತ್ತು, ಅದಕ್ಕೇ ಬರೆಯಲಿಲ್ಲ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಈ ಸಲ ಸಿಂಪಿ ದಪ್ಪಗೆ ಬಂದಿದೆ. ಆದರೆ ನಾನು ಸುಲಿಯುವ ಶೆಡ್ಡಿಗೆ ಹೋಗುತ್ತಿಲ್ಲ. ಹೋದ ಚಳಿಗಾಲದಲ್ಲಿ ಬಲಗಾಲಿನ ಹರಡಿನ ಮೇಲೆ ಚಿಪ್ಪು ಗೀರಿತ್ತಲ್ಲ, ಆ ಗಾಯ ಇನ್ನೂ ಒಣಗಿಲ್ಲ. ಸುತ್ತಲಿನ ಚರ್ಮ ಸುಟ್ಟ ಬದನೆಕಾಯಿಯ ಹಾಗಾಗಿದೆ. ನಿನ್ನ ದೊಡ್ಡಮ್ಮ ಜಗಳವಾಡಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ನನ್ನನ್ನು ನಿಲ್ಲಿಸಿಯೇ ತೊಡೆಯಿಂದ ಹಿಮ್ಮಡಿಯವರೆಗೆ ತಣ್ಣನೆಯ ಯಂತ್ರ ಆಡಿಸಿ ನೋಡಿದರು.

"ಅಮ್ಮಾ, ಸಂಜೆ ಕೂತ್ರೆ ಕಾಲೊಳಗೆ ಹುಳ ಹರಿದ ಹಾಗಾಗುತ್ತಾ? ಅಲ್ಲಾಡಿಸದೆ ಇರೋಕೇ ಆಗಲ್ವಾ?"

"ಮದುವೆ ಆದಾಗಿಂದ," ಎಂದೆ.

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

ದೊಡ್ಡಮ್ಮ ಬಾಯಿ ಹಾಕಿದಳು. "ಹೇಳೋದೇನು ಡಾಕ್ಟ್ರೇ, ಇವಳ ಅತ್ತೆ ಊಟದ ಚಮಚದಲ್ಲೇ ಮೊಣಕಾಲಿಗೆ ಬಾರಿಸೋಳು. 'ಕಾಲು ಕುಣಿಸಿ ಮನೆ ಭಾಗ್ಯ ಉದುರಿಸ್ತೀಯೇನೇ, ದರಿದ್ರದೋಳೇ' ಅಂತ."

ಡಾಕ್ಟರು ನಗಲಿಲ್ಲ. ಕಾಲಿನ ರಕ್ತನಾಳದೊಳಗೆ ಪುಟ್ಟ ಕದಗಳಿರುತ್ತವಂತೆ. ಮೇಲೆ ಹತ್ತಿದ ರಕ್ತ ಕೆಳಗೆ ಜಾರದ ಹಾಗೆ ಮುಚ್ಚಿಕೊಳ್ಳುತ್ತವಂತೆ. ಒದ್ದೆ ಸಿಮೆಂಟಿನ ಮೇಲೆ ರಬ್ಬರ್ ಬೂಟಿನಲ್ಲಿ ಆಯುಷ್ಯ ಕಳೆದ ನನ್ನ ಕಾಲುಗಳಲ್ಲಿ ಆ ಕದಗಳು ಕೆಟ್ಟುಹೋಗಿವೆ. ರಕ್ತ ಕೆಳಗೇ ಮಡುಗಟ್ಟುತ್ತದೆ. ಕಾಲು ಚಡಪಡಿಸುವವರಿಗೆಲ್ಲ ಇದೇ ಕಾರಣವಲ್ಲ, ಕೆಲವರಿಗೆ ಮೈಯಲ್ಲಿ ಕಬ್ಬಿಣ ಕಡಿಮೆಯಾದರೂ ಹಾಗಾಗುತ್ತದೆ, ನಿಮ್ಮದು ಮಾತ್ರ ನಾಳದ್ದೇ ಇರಬೇಕು ಎಂದರು. ಮೊದಲೇ ಬಂದಿದ್ದರೆ ಸುಲಭವಿತ್ತು. ಈಗ ಏನು ಮಾಡಿದರೂ ಗಾಯ ಮಾಯುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಹೊರಡುವಾಗ ಕೇಳಿದರು, "ಮಗಳಿದಾಳಾ? ಅವಳ ಕಾಲೂ ತೋರಿಸಿ. ಇದು ಮನೆತನದಲ್ಲಿ ಬರೋದುಂಟು."

ನೀನು ಬುಸಾನಿನ ಆ ದೊಡ್ಡ ಅಂಗಡಿಯಲ್ಲಿ ಎತ್ತರದ ಚಪ್ಪಲಿ ಹಾಕಿ, ತುಟಿಬಣ್ಣ ಮಾರುತ್ತ ದಿನವೆಲ್ಲ ನಿಂತಿರುತ್ತೀಯೆ. ಮದುವೆಗೆ ಮೊದಲೇ ಹೋಗಿ ತೋರಿಸಿಕೋ. ಇದು ಸಲಹೆಯಲ್ಲ, ಅಪ್ಪಣೆ.

ಇನ್ನು, ಎರಡು ಮನೆಯವರು ಸೇರಿ ಹೋಟೆಲಿನಲ್ಲಿ ಉಂಡ ಆ ದಿನದ ಮಾತು. ಲೋಟಗಳಲ್ಲಿ ನೀರು ನಡುಗತೊಡಗಿತು, ಸಾರು ಬಟ್ಟಲಿನಿಂದ ತುಳುಕಿ ಬಿಳಿ ಬಟ್ಟೆಯ ಮೇಲೆ ಹರಿಯಿತು. ನಿನಗೆ ಅತ್ತೆಯಾಗುವವರು ನಕ್ಕರು. "ಅಯ್ಯೋ, ಯಾರ ಕಾಲಪ್ಪಾ ಇದು? ಮದುವೆಗೆ ಮುಂಚೆನೇ ಭಾಗ್ಯವೆಲ್ಲ ಉದುರಿ ಹೋಗುತ್ತಲ್ಲ!" ನಗು ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ.

"ನಂದೇ ಬೀಗಿತ್ತಿ, ಕ್ಷಮಿಸಿ," ಎಂದೆ.

ನನ್ನ ಪಕ್ಕ ಕೂತ ನಿನ್ನ ಮುಖ ಕಪ್ಪಿಟ್ಟಿತು. ಅವರು ಹೊರಡಲೆಂದು ಎದ್ದು ಬಾಗಿದಾಗ ನಾನು ಕೂತಲ್ಲಿಂದಲೇ ತಲೆ ಬಾಗಿಸಿದೆ. ಅವರನ್ನು ಕಳಿಸಿ ಒಳಗೆ ಬಂದ ನೀನು ಹೋಟೆಲಿನವರೆಲ್ಲ ಕೇಳುವ ಹಾಗೆ ನನಗೆ ಅಂದೆ, "ಕಾಲು ಕುಣಿಸಿದ್ದು ಸಾಲ್ದು ಅಂತ, ಎದ್ದು ನಿಲ್ಲೋಕೂ ಸೊಕ್ಕು ಅಡ್ಡ ಬಂತಾ ನಿಂಗೆ?" ಅಂದವಳೇ ಹೊರಟುಹೋದೆ.

ಮದುವೆಯ ದಿನ ತಾಯಂದಿರಿಬ್ಬರು ಹಚ್ಚಬೇಕಾದ ಮೇಣದಬತ್ತಿಗೆ ನನ್ನ ಬದಲು ದೊಡ್ಡಮ್ಮನನ್ನು ಕರೆದಿದ್ದೀಯಂತೆ. ಆಗಲಿ. ವಧುವಿನ ತಾಯಿಯ ಗುಲಾಬಿ ಹಾನ್‌ಬೊಕ್ ಹೊಲಿಸಿಟ್ಟಿದ್ದೆನಲ್ಲ, ಅದರ ಅಂಚು ಬಿಚ್ಚಿ ಅವಳ ಅಳತೆಗೆ ಇಳಿಸಿದ್ದೇನೆ. ಅವಳು ಅತ್ತಳು. "ನಾನು ಉಟ್ಕೊಳಲ್ಲ ಕಣೇ."

"ಉಟ್ಕೋ. ಕಡ್ಡಿ ಗೀರುವಾಗ ಕೈ ನಡುಗಿಸ್ಬೇಡ, ಅಷ್ಟೇ," ಎಂದೆ.

ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಇರುತ್ತೇನೆ. ನಿನ್ನ ಅಕ್ಕಿಯ ಡಬ್ಬಿ ಎಂದೂ ಬರಿದಾಗದಿರಲಿ. ನಿನ್ನ ಕಾಲುಗಳು ನಿನ್ನನ್ನು ಮುಪ್ಪಿನವರೆಗೆ ಹೊರಲಿ.

ನಿನ್ನ ತಾಯಿ,
ತಾಕ್ ಮಾಲ್‌ಜಾ

ತಾ. ಕ: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ನೀನು ಡಾಕ್ಟರ ಬಳಿ ಹೋಗುವುದಿಲ್ಲ, ಅದು ಅಮ್ಮನ ರೋಗ ಎನ್ನುತ್ತೀಯೆ. ಹಾಗಾಗಿ ಹೇಳಲೇಬೇಕಾಗಿದೆ. ಆ ದಿನ ನನ್ನ ಕಾಲನ್ನು ನಾನು ನಂಬಿರಲಿಲ್ಲ. ಊಟಕ್ಕೆ ಕುಳಿತ ಕೂಡಲೇ ಲಂಗದ ಮರೆಯಲ್ಲಿ ಎರಡೂ ಕಾಲನ್ನು ನಿನ್ನ ಅಪ್ಪನ ಹಳೆಯ ಮಫ್ಲರಿನಿಂದ ಕುರ್ಚಿಗೆ ಬಿಗಿದು ಕಟ್ಟಿಕೊಂಡಿದ್ದೆ. ಎದ್ದು ನಿಲ್ಲಲಾಗದ್ದು ಅದಕ್ಕೆ. ಮೇಜು ನಡುಗಿದ್ದು ನನ್ನ ಪಕ್ಕದ ಕುರ್ಚಿಯಿಂದ, ಮಗಳೇ. ನಿನಗೆ ಗೊತ್ತಾಗಲಿಲ್ಲ, ನನ್ನ ಕಾಲು ಕುಣಿಯುವುದು ನನಗೂ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಓದಿದ ಮೇಲೆ ಇದನ್ನು ಸುಟ್ಟುಹಾಕು. ನಿನ್ನ ಅತ್ತೆಯ ಪಾಲಿಗೆ ಆ ಕಾಲು ನನ್ನದಾಗಿಯೇ ಇರಲಿ.